ಡಬ್ಲ್ಯುಡಿಎಂ-2 ಮಾದರಿಗೆ ಸದ್ದು ಕೂರಿಸುವುದು: ಎಂಜಿನ್ ಗುಡುಗುವ ಮೊದಲೇ ಗಾಲಿ ಉರುಳುತ್ತಿದೆ

ಅರಸೀಕೆರೆ_ಜಂಕ್ಷನ್

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಎಚ್‌ಒ ಅಳತೆಯಲ್ಲಿ, ಅಂದರೆ 1:87ರಲ್ಲಿ, ಭಾರತೀಯ ರೈಲ್ವೆಯ ಹಳೆಯ ಡೀಸೆಲ್ ಎಂಜಿನ್ ಡಬ್ಲ್ಯುಡಿಎಂ-2ರ ಮಾದರಿ ಕಟ್ಟುತ್ತಿದ್ದೇನೆ. ಮೇಲಿನ ಕವಚ 3ಡಿ ಮುದ್ರಣದ್ದು. ಚಾಸಿಯನ್ನು ಅಮೆರಿಕದ ಆರು ಅಚ್ಚಿನ ಮಾದರಿಯೊಂದರಿಂದ ತೆಗೆದುಕೊಂಡೆ. ಒಳಗೆ ಲೋಕ್‌ಸೌಂಡ್ 5 ಡಿಕೋಡರ್ (ಮೋಟರನ್ನೂ ಸದ್ದನ್ನೂ ನಡೆಸುವ ಪುಟ್ಟ ವಿದ್ಯುನ್ಮಾನ ಫಲಕ), ಕೊಳ್ಳುವಾಗಲೇ ಅದರಲ್ಲಿ ತುಂಬಿಸಿಕೊಟ್ಟಿದ್ದ ‘ಆಲ್ಕೋ’ (ಈ ಎಂಜಿನ್ ವಿನ್ಯಾಸದ ಅಮೆರಿಕನ್ ಕಂಪನಿ) ಧ್ವನಿ ಕಡತ, ಸಕ್ಕರೆ ಕ್ಯೂಬಿನಷ್ಟೇ ಪುಟ್ಟ ಒಂದು ಸ್ಪೀಕರ್ ಇವೆ.

ನಮ್ಮ ಮನೆ ಅರಸೀಕೆರೆ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ರಾತ್ರಿ ಮಲಗಿದಲ್ಲೇ ಗಾಡಿ ಹೊರಡುವುದನ್ನು ಕೇಳಿಕೊಂಡು ಬೆಳೆದವನು ನಾನು. ಮೊದಲು ಹಾರನ್. ಆಮೇಲೆ ಎಂಜಿನ್ನಿನ ಗಂಟಲು ಭಾರವಾಗುತ್ತಿತ್ತು. ಕಪ್ಲಿಂಗ್‌ಗಳು ಒಂದರ ಹಿಂದೊಂದು ಬಿಗಿಯುವ ಟಕಟಕ ಕೇಳಿಸುತ್ತಿತ್ತು. ಗಾಲಿಯ ಸದ್ದು ಎಲ್ಲಕ್ಕಿಂತ ಕೊನೆಗೆ. ನನ್ನ ಮಾದರಿಯಲ್ಲಿ ಎಲ್ಲವೂ ತಿರುಗುಮುರುಗು. ಥ್ರಾಟಲ್ ತಿರುಗಿಸಿದ ಕೂಡಲೇ ಗಾಡಿ ಅರ್ಧ ಮೀಟರ್ ಓಡಿಬಿಡುತ್ತದೆ, ಎಂಜಿನ್ ಸದ್ದು ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತದೆ. ಹಾರನ್ ಕಿವಿ ತೂತಾಗುವಷ್ಟು ಜೋರು, ಎಂಜಿನ್ ಮಾತ್ರ ಸೊಳ್ಳೆಯ ಹಾಗೆ. ಗುಂಡಿ ಒತ್ತಿದರೆ ಗಂಟೆ ಬಾರಿಸುತ್ತದೆ, ನಮ್ಮ ಯಾವ ಡೀಸೆಲ್ ಎಂಜಿನ್ನಿಗೂ ಇಲ್ಲದ ಗಂಟೆ. ಎಲ್ಲಿಂದ ಶುರು ಮಾಡಲಿ?

ಸಿವಿ_ಪುಸ್ತಕ, ಬೆಂಗಳೂರು

ಮೊದಲು ಈಗಿರುವ ಸಿವಿ ಬೆಲೆಗಳನ್ನೆಲ್ಲ ಓದಿ ಬರೆದಿಟ್ಟುಕೊಳ್ಳಿ. ಸಿವಿ ಎಂದರೆ ಡಿಕೋಡರಿನ ನೆನಪಿನಲ್ಲಿರುವ ಹೊಂದಿಕೆಯ ಖಾನೆ, ಬೆಲೆ ಎಂದರೆ ಅದರಲ್ಲಿ ಬರೆದ ಸಂಖ್ಯೆ. ಡಿಕೋಡರ್‌ಪ್ರೊ ಉಚಿತ ತಂತ್ರಾಂಶ, ಅದರಲ್ಲಿ ಉಳಿಸಿಟ್ಟರೆ ಇನ್ನೂ ಒಳ್ಳೆಯದು. ತಲೆಕೆಟ್ಟರೆ ಸಿವಿ8ಕ್ಕೆ 8 ಎಂದು ಬರೆದು ಕಾರ್ಖಾನೆಯ ಸ್ಥಿತಿಗೆ ಮರಳಬಹುದು. ವಿಳಾಸವೂ 3ಕ್ಕೆ ಹಿಂದಿರುಗುತ್ತದೆ ಎಂಬುದು ನೆನಪಿರಲಿ.

ಸದ್ದಿಗೆ ಕೈ ಹಾಕುವ ಮುನ್ನ ಮೋಟರನ್ನು ಪಳಗಿಸಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಬಹಳ ಜನ ಸದ್ದಿನ ಸಿವಿಗಳಲ್ಲಿ ವಾರಗಟ್ಟಲೆ ಮುಳುಗಿರುತ್ತಾರೆ, ದೋಷ ಗಾಡಿಯ ನಡಿಗೆಯಲ್ಲಿರುತ್ತದೆ. ಲೋಕ್‌ಸೌಂಡ್ 5ರಲ್ಲಿ ಸಿವಿ54ಕ್ಕೆ 0 ಬರೆದು ನಿಯಂತ್ರಕದ ಎಫ್1 ಫಂಕ್ಷನ್ ಗುಂಡಿ ಒತ್ತಿದರೆ ಗಾಡಿ ಒಂದೆರಡು ಕ್ಷಣ ಪೂರ್ಣ ವೇಗದಲ್ಲಿ ನುಗ್ಗಿ ತನ್ನ ಮೋಟರನ್ನು ತಾನೇ ಅಳೆದುಕೊಳ್ಳುತ್ತದೆ. ಮುಂದೆ ಖಾಲಿ ಹಳಿ ಇರಲಿ, ಮೇಜಿನ ಅಂಚು ಇರದಿರಲಿ.

ಆಮೇಲೆ ಗರಿಷ್ಠ ವೇಗ. ಡಬ್ಲ್ಯುಡಿಎಂ-2ರ ಮಿತಿ ಗಂಟೆಗೆ 120 ಕಿ.ಮೀ. 1:87ರಲ್ಲಿ ಅದು ಸೆಕೆಂಡಿಗೆ 38 ಸೆಂ.ಮೀ.ಗೆ ಸಮ, ಒಂದು ಮೀಟರ್ ದಾಟಲು 2.6 ಸೆಕೆಂಡು. ಪೆಟ್ಟಿಗೆಯಿಂದ ತೆಗೆದ ಮಾದರಿ ಇದಕ್ಕಿಂತ ಜೋರಾಗಿ ಓಡಿದರೆ ಸಿವಿ5 ಇಳಿಸಿ. ವೇಗ ಸುಳ್ಳಾದರೆ ಸದ್ದೂ ಸುಳ್ಳಾಗುತ್ತದೆ.

ಈಗ ನಿಮ್ಮ ಮೂಲ ದೂರು. ಸಿವಿ3 ವೇಗವೇರುವ ಕಾಲ, ಸಿವಿ4 ವೇಗವಿಳಿಯುವ ಕಾಲ. ಎನ್‌ಎಂಆರ್‌ಎ ಸೂತ್ರದಂತೆ ಸಿವಿ3ರ ಬೆಲೆಯನ್ನು 0.896ರಿಂದ ಗುಣಿಸಿದಷ್ಟು ಸೆಕೆಂಡಿನಲ್ಲಿ ಗಾಡಿ ನಿಂತಲ್ಲಿಂದ ಪೂರ್ಣ ವೇಗ ಮುಟ್ಟಬೇಕು. ತಯಾರಕರು ಬೇರೆ ಗುಣಕ ಬಳಸುವುದುಂಟು, ಹಾಗಾಗಿ ಗಡಿಯಾರ ಹಿಡಿದು ಅಳೆಯಿರಿ. ನಿಮ್ಮದು ಬಹುಶಃ ತೀರಾ ಕಡಿಮೆಯಿದೆ. ಸಿವಿ3 ಹೆಚ್ಚಿಸಿದರೆ ಎಂಜಿನ್ ಮೊದಲು ಏರುತ್ತದೆ, ಗಾಡಿ ನಿಧಾನವಾಗಿ ಹಿಂಬಾಲಿಸುತ್ತದೆ.

ಡೀಸೆಲ್_ಶೆಡ್_ಹಿರಿಯ, ಹುಬ್ಬಳ್ಳಿ

ಮೊಮ್ಮಗಳು ಈ ಹವ್ಯಾಸದಲ್ಲಿದ್ದಾಳೆ, ಅವಳೇ ಇದನ್ನು ಓದಿ ಹೇಳಿದಳು. ನಾನು ಹೇಳುತ್ತಿದ್ದೇನೆ, ಅವಳು ಬೆರಳಚ್ಚಿಸುತ್ತಿದ್ದಾಳೆ. ಸಿವಿಗಳ ವಿಷಯ ನೀವೇ ನೋಡಿಕೊಳ್ಳಿ. ಶೆಡ್ಡಿನಲ್ಲಿ ಮೂವತ್ತು ವರ್ಷ ಆಲ್ಕೋ ಎಂಜಿನ್ನುಗಳ ಹೊಟ್ಟೆಯೊಳಗೆ ಕೈ ಹಾಕಿದವನು ನಾನು, ಆ ಸದ್ದು ಎಲ್ಲಿಂದ ಬರುತ್ತದೆ ಎಂಬುದನ್ನು ಹೇಳಬಲ್ಲೆ.

ತಮ್ಮ, ನೀನು ಅರಸೀಕೆರೆಯಲ್ಲಿ ಕೇಳಿದ ಕ್ರಮ ಸರಿಯಾಗಿದೆ. ಡಬ್ಲ್ಯುಡಿಎಂ-2ರಲ್ಲಿ ಇರುವುದು ವಿ ಆಕಾರದ 16 ಸಿಲಿಂಡರುಗಳ 251ಬಿ ಎಂಜಿನ್, 2600 ಅಶ್ವಶಕ್ತಿ. ಸುಮ್ಮನೆ ನಿಂತಾಗ ನಿಮಿಷಕ್ಕೆ 400 ಸುತ್ತು, ಎಂಟನೇ ನಾಚಿನಲ್ಲಿ, ಅಂದರೆ ಥ್ರಾಟಲಿನ ಕೊನೆಯ ಮೆಟ್ಟಿಲಿನಲ್ಲಿ, 1000 ಸುತ್ತು. ಡ್ರೈವರ್ ಮೊದಲ ನಾಚು ಹಾಕಿದಾಗ ಸುತ್ತು ಹೆಚ್ಚೇನೂ ಏರುವುದಿಲ್ಲ, ಆದರೆ ಜನರೇಟರಿಗೆ ಹೊರೆ ಬೀಳುತ್ತದೆ. ತಲೆಯ ಮೇಲೆ ಮೂಟೆ ಇಟ್ಟೊಡನೆ ಮನುಷ್ಯನ ಉಸಿರು ಬದಲಾಗುವುದಿಲ್ಲವೇ, ಹಾಗೆ ಎಂಜಿನ್ನಿನ ದನಿ ಬದಲಾಗುತ್ತದೆ. ನಾಚು ಮೇಲೆ ಹೋದಂತೆ ಎಣ್ಣೆ ಮೊದಲು ನುಗ್ಗುತ್ತದೆ. ಟರ್ಬೊ ಮೈಕೊಡವಿ ಗಾಳಿ ಒದಗಿಸಲು ಸ್ವಲ್ಪ ಹೊತ್ತು ಬೇಕು. ಆ ನಡುವಿನ ಹೊತ್ತಿನಲ್ಲಿ ಬರುವುದೇ ಕರಿ ಹೊಗೆ. ಹೊಗೆ ತಿಳಿಯಾಗುವ ಹೊತ್ತಿಗೆ ಟರ್ಬೊದ ಸುಂಯ್ ಎನ್ನುವ ಸ್ವರ ಮೇಲೇಳುತ್ತದೆ. ಗುಡುಗು ಮೊದಲು, ಸೀಟಿಯಂಥ ಸ್ವರ ಆಮೇಲೆ. ನಿಮ್ಮ ಯಂತ್ರದಲ್ಲಿ ಎರಡೂ ಒಟ್ಟಿಗೆ ಬಂದರೆ ಅದು ಆಲ್ಕೋ ಅಲ್ಲ.

ಇನ್ನೊಂದು ಮಾತು. ಮೊಮ್ಮಗಳ ಮಾದರಿಯೊಂದರಲ್ಲಿ ನಿಂತಾಗ ಕಂಪ್ರೆಸರ್ ‘ಡಗ್ ಡಗ್’ ಎಂದು ಹೊಸದಾಗಿ ಶುರುವಾಗುವುದನ್ನು ಕೇಳಿದೆ. ಡಬ್ಲ್ಯುಡಿಎಂ-2ರಲ್ಲಿ ಹಾಗಿಲ್ಲ. ಅದರ ಎಕ್ಸ್‌ಪ್ರೆಸರ್, ಅಂದರೆ ಗಾಳಿ ಒತ್ತುವ ಮತ್ತು ನಿರ್ವಾತ ಎಳೆಯುವ ಎರಡೂ ಕೆಲಸದ ಯಂತ್ರ, ಎಂಜಿನ್ ಶಾಫ್ಟಿಗೇ ಜೋಡಿಸಿದ್ದು. ಎಂಜಿನ್ ತಿರುಗುವವರೆಗೂ ತಿರುಗುತ್ತಲೇ ಇರುತ್ತದೆ. ಗಾಳಿ ತುಂಬಿದಾಗ ಅನ್‌ಲೋಡರ್ ಬುಸ್ಸೆನ್ನುತ್ತದೆ, ಅಷ್ಟೇ. ರೇಡಿಯೇಟರ್ ಫ್ಯಾನು ಮಾತ್ರ ನೀರು ಬಿಸಿಯಾದಾಗ ಎಡ್ಡಿ ಕರೆಂಟ್ ಕ್ಲಚ್ ಹಿಡಿದು ತಿರುಗುತ್ತದೆ. ಈಗಷ್ಟೇ ಚಾಲೂ ಮಾಡಿದ ತಣ್ಣನೆಯ ಎಂಜಿನ್ನಿಗೆ ಫ್ಯಾನಿನ ಸದ್ದು ಕೊಡಬೇಡಿ.

ಅರಸೀಕೆರೆ_ಜಂಕ್ಷನ್

ಹಿರಿಯರೇ, ನೀವು ಹೇಳಿದ್ದನ್ನು ಮೂರು ಸಲ ಓದಿದೆ. ‘ಗುಡುಗು ಮೊದಲು, ಸೀಟಿ ಆಮೇಲೆ’ ಎಂಬುದನ್ನು ಕಾಗದದಲ್ಲಿ ಬರೆದು ಮೇಜಿನ ಎದುರು ಅಂಟಿಸಿದ್ದೇನೆ.

ಸಿವಿ3 ಏರಿಸಿದೆ, ಗಾಡಿ ಈಗ ಗಂಭೀರವಾಗಿ ಹೊರಡುತ್ತದೆ. ಆದರೆ ಸದ್ದು ನೀವು ಹೇಳಿದ ಹಾಗಿಲ್ಲ. ಹಗುರವಾದ ಪಟಪಟ. ಕಡತದ ಹೆಸರು ಬರೀ ‘ಆಲ್ಕೋ’. ಯಾವ ಆಲ್ಕೋ ಎಂದು ಮಾರಾಟಗಾರರನ್ನು ಕೇಳಿದೆ, ಎಲ್ಲ ಆಲ್ಕೋಗಳೂ ಒಂದೇ ಎಂದರು.

ಸಿವಿ_ಪುಸ್ತಕ, ಬೆಂಗಳೂರು

ಒಂದೇ ಅಲ್ಲ, ಖಂಡಿತ ಅಲ್ಲ. ಆಲ್ಕೋ ಕಂಪನಿಯ ಹಳೆಯ ಶಂಟಿಂಗ್ ಎಂಜಿನ್ನುಗಳಲ್ಲಿ 539 ಇತ್ತು, ಸಾಲಾಗಿ ಆರು ಸಿಲಿಂಡರ್. ಅಮೆರಿಕದಲ್ಲಿ ಹೆಸರುವಾಸಿಯಾದ ಆರ್‌ಎಸ್-3ರಲ್ಲಿ 244 ಇತ್ತು, 12 ಸಿಲಿಂಡರ್. 251 ಇವೆರಡರ ನಂತರದ್ದು. ಅದರಲ್ಲೂ 6, 12, 16 ಎಂಬ ಭೇದಗಳಿವೆ. ನಮ್ಮ ಮೀಟರ್‌ಗೇಜಿನ ವೈಡಿಎಂ-4ರಲ್ಲಿ ಇದ್ದದ್ದು ಆರು ಸಿಲಿಂಡರಿನ 251. ನಿಮ್ಮ ಕಿವಿಗೆ ‘ಹಗುರ’ ಎನ್ನಿಸಿದ್ದರೆ ಅದು ಆರು ಅಥವಾ ಹನ್ನೆರಡು ಸಿಲಿಂಡರಿನ ಧ್ವನಿಮುದ್ರಣ ಇರಬೇಕು.

ನಿಮಗೆ ಬೇಕಾದದ್ದು 16 ಸಿಲಿಂಡರಿನ 251. ಆರ್‌ಎಸ್‌ಡಿ-15, ಸಿ-424, ಸಿ-425, ಸಿ-628, ಈ ಹೆಸರುಗಳ ಜೊತೆ ಬರುವ ಕಡತಗಳನ್ನು ಹುಡುಕಿ. ಲೋಕ್‌ಪ್ರೋಗ್ರಾಮರ್ (ಡಿಕೋಡರಿಗೆ ಧ್ವನಿ ಕಡತ ತುಂಬುವ ಸಾಧನ) ಇದ್ದವರ ಬಳಿ ಗಾಡಿ ಒಯ್ದರೆ ತಯಾರಕರ ಸಂಗ್ರಹದಿಂದ ಇಳಿಸಿ ತುಂಬಬಹುದು. ಸೌಂಡ್‌ಟ್ರಾಕ್ಸ್‌ನ ಸುನಾಮಿ2 ಡಿಕೋಡರ್ ಬಳಸುವವರಿಗೆ ಈ ತೊಂದರೆ ಕಡಿಮೆ. ಅದರ ಆಲ್ಕೋ ಆವೃತ್ತಿಯೊಳಗೇ ಹಲವು ಎಂಜಿನ್ನುಗಳಿವೆ, ಸಿವಿಯಿಂದ ಆರಿಸಿಕೊಳ್ಳಬೇಕಷ್ಟೆ.

ನೆಕಾರ್_ದಂಡೆ, ಸ್ಟಟ್‌ಗಾರ್ಟ್

ಶಿವಮೊಗ್ಗದವನು, ಹನ್ನೆರಡು ವರ್ಷಗಳಿಂದ ಇಲ್ಲಿದ್ದೇನೆ. ನನ್ನ ಹಳಿಯ ಮೇಲೆ ಜರ್ಮನಿಯ ಉಗಿಬಂಡಿಗಳೇ ಹೆಚ್ಚು, ಆದರೂ ಸ್ಪೀಕರಿನ ವಿಷಯ ಎಲ್ಲರದ್ದೂ ಒಂದೇ.

‘ಸೊಳ್ಳೆಯ ಹಾಗೆ’ ಎಂಬ ದೂರಿಗೆ ಕಾರಣ ಗಣಿತದಲ್ಲೇ ಇದೆ. ನಾಲ್ಕು ಹೊಡೆತದ 16 ಸಿಲಿಂಡರಿನ ಎಂಜಿನ್ 400 ಸುತ್ತಿನಲ್ಲಿದ್ದಾಗ ಸೆಕೆಂಡಿಗೆ 53 ಸ್ಫೋಟ. 1000 ಸುತ್ತಿನಲ್ಲಿ 133. ಅಂದರೆ ಎಂಜಿನ್ನಿನ ಮೂಲ ಸ್ವರ 53ರಿಂದ 133 ಹರ್ಟ್ಸ್ ನಡುವೆ ಇರುತ್ತದೆ. ನಮ್ಮ 11 ಮಿ.ಮೀ. ಅಗಲ, 15 ಮಿ.ಮೀ. ಉದ್ದದ ಸ್ಪೀಕರು ಆ ಆಳಕ್ಕೆ ಇಳಿಯಲಾರದು. ಮೂಲ ಸ್ವರದ ಮೇಲಿನ ಹರಾತ್ಮಕಗಳನ್ನು, ಅಂದರೆ ಅದರ ಎರಡು, ಮೂರು, ನಾಲ್ಕು ಪಟ್ಟು ಕಂಪನದ ಸ್ವರಗಳನ್ನು, ಮಾತ್ರ ಅದು ನುಡಿಸುತ್ತದೆ, ಉಳಿದದ್ದನ್ನು ನಮ್ಮ ಮಿದುಳು ತುಂಬಿಕೊಳ್ಳುತ್ತದೆ. ನಮ್ಮ ಕೆಲಸ ಆ ಹರಾತ್ಮಕಗಳು ಸೋರಿ ಹೋಗದಂತೆ ನೋಡಿಕೊಳ್ಳುವುದು.

ಸ್ಪೀಕರಿನ ಹಿಂದೆ ಮುಚ್ಚಿದ ಪೆಟ್ಟಿಗೆ ಇರಲೇಬೇಕು. ಮುಂದಿನ ಗಾಳಿಯೂ ಹಿಂದಿನ ಗಾಳಿಯೂ ಬೆರೆತರೆ ಒಂದನ್ನೊಂದು ಕೊಂದುಹಾಕುತ್ತವೆ. ತಂತಿ ಹೊರಬರುವ ಸಣ್ಣ ರಂಧ್ರವನ್ನೂ ಮುಚ್ಚಿ. ಊರಿಗೆ ಬಂದಾಗ ಅಣ್ಣನ ಮಗನ ಗಾಡಿಗೆ ಎಂ-ಸೀಲ್ ಮೆತ್ತಿದೆ, ಸದ್ದು ಇಮ್ಮಡಿಯಾದಂತೆ ಕೇಳಿಸಿತು. ಜಾಗವಿದ್ದರೆ ದೊಡ್ಡ ಪೆಟ್ಟಿಗೆ ಹಾಕಿ, ಅಥವಾ 8 ಓಂನ ಎರಡು ಸ್ಪೀಕರುಗಳು. ಸಮಾಂತರವಾಗಿ ಜೋಡಿಸಿದರೆ 4 ಓಂ, ಸರಣಿಯಲ್ಲಿ 16 ಓಂ. ಲೋಕ್‌ಸೌಂಡ್ 5 ಎರಡನ್ನೂ ತಾಳಿಕೊಳ್ಳುತ್ತದೆ. ಹಳೆಯ ಲೋಕ್‌ಸೌಂಡ್ 3.5 ಕೈಗೆ ಸಿಕ್ಕಿದ್ದರೆ ಎಚ್ಚರ, ಅದಕ್ಕೆ 100 ಓಂ ಸ್ಪೀಕರೇ ಬೇಕು, 8 ಓಂ ಹಾಕಿದರೆ ಡಿಕೋಡರ್ ಸುಟ್ಟುಹೋಗುತ್ತದೆ. ಎರಡು ಸ್ಪೀಕರುಗಳ ಧನ-ಋಣ ತಿರುವುಮುರುವು ಆಗದಿರಲಿ. ಒಂದು ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆದರೆ ಇರುವ ಅಲ್ಪ ತಗ್ಗುಸ್ವರವೂ ಮಾಯ.

ಸಿವಿ_ಪುಸ್ತಕ, ಬೆಂಗಳೂರು

ಹಾರನ್ನಿನ ಬಗ್ಗೆ. ಲೋಕ್‌ಸೌಂಡ್ 5ರಲ್ಲಿ ಒಟ್ಟು ಧ್ವನಿಯ ಮಟ್ಟ ಸಿವಿ63, 0ಯಿಂದ 192ರವರೆಗೆ. ಒಂದೊಂದು ಸದ್ದಿಗೂ ಬೇರೆ ಮಟ್ಟವಿದೆ. ಅದಕ್ಕೆ ಮೊದಲು ಸಿವಿ31ಕ್ಕೆ 16, ಸಿವಿ32ಕ್ಕೆ 1 ಬರೆಯಬೇಕು, ಸಿವಿಗಳ ಯಾವ ಪುಟ ತೆರೆಯಬೇಕೆಂದು ಹೇಳುವುದು ಇವೆರಡೇ. ಇದನ್ನು ಮರೆತು ನೇರವಾಗಿ ಮುಂದಿನ ಸಂಖ್ಯೆ ಬರೆದರೆ ಬೇರೆ ಯಾವುದೋ ಪುಟ ಕೆಡುತ್ತದೆ, ಆಮೇಲೆ ಏನು ಕೆಟ್ಟಿತೆಂದು ತಿಳಿಯದೆ ಒದ್ದಾಡಬೇಕಾಗುತ್ತದೆ. ಬರೆದಾದ ಮೇಲೆ ಸಿವಿ259 ಮೊದಲ ಧ್ವನಿ ಖಾನೆಯದು, ಸಾಮಾನ್ಯವಾಗಿ ಎಂಜಿನ್. ಸಿವಿ275 ಮೂರನೆಯದು, ಬಹುಪಾಲು ಕಡತಗಳಲ್ಲಿ ಹಾರನ್. ಇವುಗಳ ಮಿತಿ 128. ಎಂಜಿನ್ 128ರಲ್ಲೇ ಇರಲಿ, ಹಾರನ್ 50ಕ್ಕೆ ಇಳಿಸಿ ಕೇಳಿ. ಸುನಾಮಿ2ರಲ್ಲಿ ಒಟ್ಟು ಮಟ್ಟ ಸಿವಿ128, ಝಿಮೋ ಕಂಪನಿಯ ಡಿಕೋಡರುಗಳಲ್ಲಿ ಸಿವಿ266.

ಅಮೆರಿಕದ ಕಡತಗಳಲ್ಲಿ ಲೆವೆಲ್ ಕ್ರಾಸಿಂಗ್ ಹಾರನ್ ಎಂದು ಒಂದು ಗುಂಡಿ ಇರುತ್ತದೆ. ಒತ್ತಿದರೆ ಎರಡು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ. ಅದು ಅಲ್ಲಿನ ನಿಯಮ. ನಮ್ಮಲ್ಲಿ ಗೇಟು ಹತ್ತಿರವಾದಾಗ ಎಡೆಬಿಡದ ಒಂದೇ ಉದ್ದನೆಯ ಸೀಟಿ. ಆ ಗುಂಡಿಯನ್ನೂ ಗಂಟೆಯ ಗುಂಡಿಯನ್ನೂ ಫಂಕ್ಷನ್ ಪಟ್ಟಿಯಿಂದ ತೆಗೆದುಬಿಡಿ. ಒತ್ತಿ ಹಿಡಿದಷ್ಟು ಹೊತ್ತು ನುಡಿಯುವ ಸಾದಾ ಹಾರನ್ ಒಂದಿದ್ದರೆ ಸಾಕು, ಉಳಿದದ್ದು ನಿಮ್ಮ ಹೆಬ್ಬೆರಳಿನ ಕೆಲಸ.

ಪ್ರದರ್ಶನ_ಪ್ರಿಯ, ದಾವಣಗೆರೆ

ಇಷ್ಟೆಲ್ಲ ತಗ್ಗಿಸಿದರೆ ಯಾರಿಗೆ ಕೇಳಿಸುತ್ತದೆ? ಶಾಲೆಗಳಲ್ಲಿ ಹಳಿ ಹಾಕಿ ಓಡಿಸುತ್ತೇನೆ. ಮಕ್ಕಳು ಓಡಿಬರುವುದೇ ಸದ್ದು ಕೇಳಿ. ಸಿವಿ63 ಪೂರ್ತಿ 192 ಇಡುವುದೇ ನನ್ನ ಪದ್ಧತಿ.

ನೆಕಾರ್_ದಂಡೆ, ಸ್ಟಟ್‌ಗಾರ್ಟ್

ನಲವತ್ತು ಮಕ್ಕಳ ಗಲಾಟೆಯ ನಡುವೆ ನಿಮ್ಮದೇ ಸರಿ, ಸರ್. ಮನೆಯ ಕೋಣೆಯ ಲೆಕ್ಕ ಬೇರೆ. ಮಾದರಿಯಿಂದ 60 ಸೆಂ.ಮೀ. ದೂರ ನಿಂತರೆ ನಿಜದ ಅಳತೆಯಲ್ಲಿ 52 ಮೀಟರ್ ದೂರ ನಿಂತ ಹಾಗೆ. ಹಳಿಯಿಂದ 52 ಮೀಟರ್ ದೂರದಲ್ಲಿ ಸುಮ್ಮನೆ ನಿಂತ ಎಂಜಿನ್ ಎಷ್ಟು ಕೇಳಿಸುತ್ತದೆ? ಪಕ್ಕದವರ ಜೊತೆ ಮಾತಾಡಲು ದನಿ ಏರಿಸಬೇಕಾಗುವುದಿಲ್ಲ. ಪುಟ್ಟ ಸ್ಪೀಕರನ್ನು ತುದಿಗೆ ತಳ್ಳಿದರೆ ಅದು ಒಡೆದ ದನಿಯಲ್ಲಿ ಕಿರುಚುತ್ತದೆ, ಮಕ್ಕಳಿಗೂ ಅದೇ ನಿಜವಾದ ಎಂಜಿನ್ ಎಂದು ನೆನಪುಳಿಯುತ್ತದೆ. ಅದು ನನಗೆ ಬೇಸರದ ಸಂಗತಿ.

ಮೀಟರ್‌ಗೇಜ್_ಮೈಸೂರು

ನಡುವೆ ಬಂದದ್ದಕ್ಕೆ ಕ್ಷಮಿಸಿ, ನನ್ನದು ಉಗಿಯ ಪ್ರಶ್ನೆ. ಮೀಟರ್‌ಗೇಜಿನ ವೈಪಿ ಉಗಿ ಎಂಜಿನ್ ಮಾಡುತ್ತಿದ್ದೇನೆ. ‘ಚುಕ್’ ಸದ್ದು ಗಾಲಿಗೆ ಹೊಂದುತ್ತಿಲ್ಲ. ನಿಧಾನದಲ್ಲಿ ಸರಿಯಿರುತ್ತದೆ, ವೇಗವಾದರೆ ಹಿಂದೆ ಬೀಳುತ್ತದೆ.

ನೆಕಾರ್_ದಂಡೆ, ಸ್ಟಟ್‌ಗಾರ್ಟ್

ಎರಡು ಸಿಲಿಂಡರಿನ ಉಗಿಬಂಡಿಯಲ್ಲಿ ಪಿಸ್ಟನ್ನಿನ ಎರಡೂ ಬದಿಗೆ ಉಗಿ ಹೋಗುವುದರಿಂದ ಗಾಲಿಯ ಒಂದು ಸುತ್ತಿಗೆ ನಾಲ್ಕು ಚುಕ್. ನನ್ನ ಬಳಿಯಿರುವ ಜರ್ಮನಿಯ ಬಿಆರ್ 44 ಉಗಿಬಂಡಿಗೆ ಮೂರು ಸಿಲಿಂಡರ್, ಹಾಗಾಗಿ ಆರು. ವೈಪಿಯ ಚಾಲಕ ಗಾಲಿಯ ವ್ಯಾಸ 1372 ಮಿ.ಮೀ., ಸುತ್ತಳತೆ 4.31 ಮೀಟರ್. ಅಂದರೆ ಪ್ರತಿ 1.08 ಮೀಟರಿಗೆ ಒಂದು ಚುಕ್. ಗಂಟೆಗೆ 30 ಕಿ.ಮೀ.ನಲ್ಲೇ ಸೆಕೆಂಡಿಗೆ ಏಳು ದಾಟುತ್ತದೆ, ಕಿವಿಯಿಂದ ಎಣಿಸಲಾಗುವುದಿಲ್ಲ. ಆದ್ದರಿಂದ ನಿಧಾನ ವೇಗದಲ್ಲೇ ಹೊಂದಿಸಬೇಕು. ಬಿಳಿ ಬಣ್ಣದ ಚುಕ್ಕೆಯೊಂದನ್ನು ಗಾಲಿಗೆ ಇಟ್ಟು, ಮೊದಲ ವೇಗಮೆಟ್ಟಿಲಿನಲ್ಲಿ ಓಡಿಸಿ, ಸಿವಿ57 ಬದಲಾಯಿಸುತ್ತ ಸುತ್ತಿಗೆ ನಾಲ್ಕು ಬರಿಸಿ. ವೇಗ ಹೆಚ್ಚಿದಾಗಿನ ಹೊಂದಾಣಿಕೆಗೆ ಸಿವಿ58. ಇಷ್ಟಾದರೂ ಜಾರಿದರೆ ಗಾಲಿಯ ಅಚ್ಚಿಗೆ ನಾಲ್ಕು ಪುಟ್ಟ ಅಯಸ್ಕಾಂತ ಅಂಟಿಸಿ, ಎದುರಿಗೆ ಹಾಲ್ ಸಂವೇದಕ ಇಡಿ. ಆಗ ಅಂದಾಜಿನ ಮಾತೇ ಇಲ್ಲ.

ನಿಮ್ಮ ನೆರೆಯ ನೀಲಗಿರಿಯ ಎಕ್ಸ್ ವರ್ಗದ ಎಂಜಿನ್ ಮಾದರಿಗೆ ಸದ್ದು ಕೂರಿಸುವ ಆಸೆ ನನಗೆ ಬಹಳ ದಿನದಿಂದ ಇದೆ. ಮೇಟ್ಟುಪಾಳಯದಿಂದ ಕಲ್ಲಾರಿನವರೆಗೆ ಸಾದಾ ಹಳಿ, ಎರಡೇ ಸಿಲಿಂಡರ್ ಕೆಲಸ ಮಾಡುತ್ತವೆ. ಕಲ್ಲಾರಿನಿಂದ ಹಲ್ಲುಹಳಿ ಶುರುವಾದಾಗ ಅದೇ ಉಗಿ ಇನ್ನೆರಡು ಸಿಲಿಂಡರಿಗೆ ಹೋಗಿ ಹಲ್ಲುಚಕ್ರ ತಿರುಗಿಸಿ ಆಮೇಲೆ ಚಿಮಣಿ ಸೇರುತ್ತದೆ. ಹೊರಗೆ ಕೇಳಿಸುವ ಚುಕ್ ಆಗ ಗಾಲಿಯ ಲೆಕ್ಕದ್ದಲ್ಲ, ಹಲ್ಲುಚಕ್ರದ ಸಿಲಿಂಡರುಗಳದ್ದು. ಗಾಡಿ ಅದೇ ನಿಧಾನ, ಉಸಿರು ಮಾತ್ರ ಬೇರೆಯದೇ ಲಯಕ್ಕೆ ಹೊರಳುತ್ತದೆ. ಒಂದೇ ಕಡತದಲ್ಲಿ ಎರಡು ಲಯ ಇಟ್ಟು ಗುಂಡಿಯಿಂದ ಬದಲಿಸುವುದನ್ನು ಯಾರಾದರೂ ಮಾಡಿದ್ದರೆ ತಿಳಿಸಿ.

ಕೊಪ್ಪದ_ಮಳೆ

ಮಲೆನಾಡಿನವರಿಗೆ ಒಂದು ಮಾತು. ಜೂನ್ ಬಂತೆಂದರೆ ನಮ್ಮಲ್ಲಿ ಹಳಿಯ ಮೇಲೆ ಎರಡೇ ದಿನದಲ್ಲಿ ಕಪ್ಪು ಪೊರೆ ಕೂರುತ್ತದೆ. ವಿದ್ಯುತ್ತು ಕ್ಷಣ ತಪ್ಪಿದರೂ ಡಿಕೋಡರ್ ಸತ್ತು ಹುಟ್ಟುತ್ತದೆ, ಸದ್ದು ತುಂಡಾಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಸಿವಿ ತಿದ್ದಿ ಪ್ರಯೋಜನವಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಹಳಿಯನ್ನೂ ಗಾಲಿಯನ್ನೂ ಒರೆಸಿ, ಡಿಕೋಡರಿಗೆ ವಿದ್ಯುತ್ ಹಿಡಿದಿಡುವ ಕೆಪಾಸಿಟರ್ ಘಟಕ ಜೋಡಿಸಿ. ನನಗೆ ಎರಡು ಮಳೆಗಾಲ ಹಾಳಾದ ಮೇಲೆ ಇದು ತಿಳಿಯಿತು.

ಹಳಿಹುಡುಗ_ಧಾರವಾಡ

ನಮ್ಮ ಡಬ್ಲ್ಯುಡಿಎಂ-2ರ ಸದ್ದನ್ನೇ ಮುದ್ರಿಸಿ ತುಂಬಬಾರದೇಕೆ? ಸಿ-425 ಎಷ್ಟೆಂದರೂ ಬೇರೆ ದೇಶದ್ದು. ಶೆಡ್ಡಿನ ಕಾಕಾ, ನೀವೇನು ಹೇಳುತ್ತೀರಿ?

ಸಿವಿ_ಪುಸ್ತಕ, ಬೆಂಗಳೂರು

ಆಸೆ ಒಳ್ಳೆಯದು, ನಾನೂ ಒಮ್ಮೆ ಪ್ರಯತ್ನಿಸಿದವನು. ಪ್ಲಾಟ್‌ಫಾರಂನಲ್ಲಿ ನಿಂತು ಮುದ್ರಿಸಿದರೆ ಪ್ರಕಟಣೆ, ಚಹಾ ಮಾರುವವರ ಕೂಗು, ಕಾಗೆ, ಎಲ್ಲವೂ ಸೇರಿಕೊಳ್ಳುತ್ತವೆ. ಡಿಕೋಡರಿಗೆ ಬೇಕಾದದ್ದು ನಿಂತ ಸದ್ದು, ಎಂಟು ನಾಚುಗಳ ಸ್ಥಿರ ಸದ್ದು, ಒಂದರಿಂದ ಒಂದಕ್ಕೆ ಏರುವ ಮತ್ತು ಇಳಿಯುವ ತುಣುಕುಗಳು, ಎಲ್ಲವೂ ಒಂದೇ ದೂರದಿಂದ ಮುದ್ರಿಸಿದ್ದಾಗಿರಬೇಕು. ಮೇಲಾಗಿ ಸುತ್ತುತ್ತಲೇ ಇರುವ ತುಣುಕನ್ನು ಎಲ್ಲಿ ಕತ್ತರಿಸಬೇಕು ಎಂಬುದೂ ಒಂದು ಲೆಕ್ಕ. 400 ಸುತ್ತಿನಲ್ಲಿ ಎಂಜಿನ್ನಿನ ಒಂದು ಪೂರ್ಣ ಆವರ್ತ, ಅಂದರೆ ಎರಡು ಸುತ್ತು, 0.3 ಸೆಕೆಂಡು. ತುಣುಕಿನ ಉದ್ದ ಅದರ ಪೂರ್ಣ ಗುಣಕವಾಗಿರಬೇಕು. 9 ಸೆಕೆಂಡಿಗೆ ಸರಿಯಾಗಿ 30 ಆವರ್ತ. ಅರ್ಧದಲ್ಲಿ ಕತ್ತರಿಸಿದರೆ ಪ್ರತಿ ಸಲವೂ ಬಿಕ್ಕಳಿಕೆ. ತುಣುಕು ತೀರಾ ಗಿಡ್ಡವಾದರೆ ಆಲ್ಕೋದ ಆ ಒರಟು ಏರುಪೇರು ಗಡಿಯಾರದಂತೆ ಮರುಕಳಿಸಿ ಕಿವಿಗೆ ಸಿಕ್ಕಿಬೀಳುತ್ತದೆ. ಹಾರನ್ ಮಾತ್ರ ನಮ್ಮದನ್ನೇ ಮುದ್ರಿಸಿ ಹಾಕಿ. ಊರು ಯಾವುದೆಂದು ಮೊದಲು ಹೇಳುವುದೇ ಅದು.

ಡೀಸೆಲ್_ಶೆಡ್_ಹಿರಿಯ, ಹುಬ್ಬಳ್ಳಿ

ಎಂಜಿನ್ ಒಂದೇ ಜಾತಿಯದಾದರೆ ದನಿಯೂ ಒಂದೇ, ದೇಶದ ಮಾತಿಲ್ಲ. ಹಾರನ್ನಿಗೆ ನನ್ನ ಒಪ್ಪಿಗೆಯಿದೆ. ತಗ್ಗಿನದೊಂದು, ಏರಿನದೊಂದು, ಎರಡು ಸ್ವರದ ಹಾರನ್.

ಆದರೆ ಹೊರೆಯನ್ನು ಮರೆಯಬೇಡಿ. ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂವರೆಗಿನ ಘಾಟಿಯಲ್ಲಿ 37ಕ್ಕೆ 1ರ ಇಳಿಜಾರು. ಕೆಳಗಿನಿಂದ ಮೇಲೆ ಬರುವಾಗ ಗಾಡಿ ಮನುಷ್ಯ ಓಡಿ ಹಿಡಿಯುವಷ್ಟು ನಿಧಾನ, ಎಂಜಿನ್ ಎಂಟನೇ ನಾಚಿನಲ್ಲಿ ಪೂರ್ತಿ ಕೂಗು. ಇಳಿಯುವಾಗ ಗಾಡಿ ಅಷ್ಟೇ ವೇಗ, ಎಂಜಿನ್ ಸುಮ್ಮನೆ ಗೊಣಗುತ್ತಿರುತ್ತದೆ, ಬ್ರೇಕ್ ಬ್ಲಾಕಿನದೇ ಸದ್ದು. ವೇಗ ಒಂದೇ, ಸದ್ದು ಆಕಾಶ ಭೂಮಿಯಷ್ಟು ಬೇರೆ. ನಿಮ್ಮ ಯಂತ್ರ ವೇಗವನ್ನು ನೋಡಿ ಸದ್ದು ಕೊಡುತ್ತಿದ್ದರೆ ಅದಕ್ಕೆ ಘಾಟಿ ತಿಳಿದಿಲ್ಲ ಎಂದರ್ಥ.

ಸಿವಿ_ಪುಸ್ತಕ, ಬೆಂಗಳೂರು

ಇದಕ್ಕೆಂದೇ ‘ಡ್ರೈವ್ ಹೋಲ್ಡ್’ ಎಂಬ ಫಂಕ್ಷನ್ ಇದೆ, ಲೋಕ್‌ಸೌಂಡಿನ ಹಲವು ಅಮೆರಿಕನ್ ಕಡತಗಳಲ್ಲಿ ಎಫ್9. ಅದನ್ನು ಒತ್ತಿದರೆ ಗಾಡಿಯ ವೇಗ ಇದ್ದಲ್ಲೇ ನಿಲ್ಲುತ್ತದೆ, ಥ್ರಾಟಲ್ ಎಂಜಿನ್ ಸದ್ದನ್ನು ಮಾತ್ರ ಏರಿಸಿ ಇಳಿಸುತ್ತದೆ. ನಿಂತಾಗ ಒತ್ತಿ ನಾಚು ಏರಿಸಿ ಬಿಟ್ಟರೆ ಅರಸೀಕೆರೆಯವರ ಆ ಹೊರಡುವ ಕ್ಷಣ ಸಿಗುತ್ತದೆ. ಏರಿನಲ್ಲಿ ಒತ್ತಿ ಎಂಟಕ್ಕೆ ಒಯ್ದರೆ ಹಿರಿಯರ ಘಾಟಿ ಸಿಗುತ್ತದೆ. ಇಳಿಜಾರಿನಲ್ಲಿ ಅದನ್ನೇ ಒತ್ತಿ ಥ್ರಾಟಲ್ ತಗ್ಗಿಸಿ. ಸುನಾಮಿ2 ಮೋಟರು ತಿರುಗುವಾಗ ಹುಟ್ಟಿಸುವ ಹಿಮ್ಮುಖ ವಿದ್ಯುತ್ತನ್ನು (ಬ್ಯಾಕ್ ಇಎಂಎಫ್) ಅಳೆದು ತಾನೇ ಹೊರೆ ಊಹಿಸುತ್ತದೆ, ಅದೂ ಒಳ್ಳೆಯದೇ. ಆದರೆ ಕೈಯಲ್ಲಿ ನಾಚು ಹಿಡಿಯುವ ಸುಖ ಆ ಊಹೆಯಲ್ಲಿಲ್ಲ. ಬ್ರೇಕಿನ ಕಿರ್ ಸದ್ದು ಯಾವ ವೇಗಕ್ಕಿಂತ ಕೆಳಗೆ ಶುರುವಾಗಬೇಕು ಎಂಬುದಕ್ಕೆ ಸಿವಿ64, ನಿಲ್ಲುವುದಕ್ಕೆ ಸಿವಿ65.

ಅರಸೀಕೆರೆ_ಜಂಕ್ಷನ್

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಬೆಂಗಳೂರಿನ ಗೆಳೆಯರೊಬ್ಬರ ಲೋಕ್‌ಪ್ರೋಗ್ರಾಮರಿನಿಂದ 16 ಸಿಲಿಂಡರಿನ 251 ಕಡತ ತುಂಬಿಸಿದೆ. ಸ್ಪೀಕರು ಎರಡಾಯಿತು, ಸರಣಿಯಲ್ಲಿ ಜೋಡಿಸಿ ಪೆಟ್ಟಿಗೆ ಬಿಗಿದೆ. ಈಗಿನ ಬೆಲೆಗಳು: ಸಿವಿ63ಕ್ಕೆ 84, ಸಿವಿ259ಕ್ಕೆ 128, ಸಿವಿ275ಕ್ಕೆ 44. ಸಿವಿ3ಕ್ಕೆ 90, ಸಿವಿ4ಕ್ಕೆ 70. ಗಂಟೆ ಇಲ್ಲ. ಬೇರೆಯಾಗಿ ಶುರುವಾಗುವ ಕಂಪ್ರೆಸರ್ ಇಲ್ಲ. ಫ್ಯಾನನ್ನು ಒಂದು ಗುಂಡಿಗೆ ಇಟ್ಟಿದ್ದೇನೆ, ಏರು ಹತ್ತಿ ಮುಗಿದ ಮೇಲೆ ಮಾತ್ರ ಒತ್ತುತ್ತೇನೆ.

ನಿನ್ನೆ ರಾತ್ರಿ ದೀಪ ಆರಿಸಿ, ಎಂಟು ಬೋಗಿ ಜೋಡಿಸಿ, ಹಾರನ್ ಕೊಟ್ಟು ಎಫ್9 ಒತ್ತಿ ಮೂರನೇ ನಾಚಿಗೆ ಏರಿಸಿದೆ. ಆಮೇಲೆ ಬಿಟ್ಟೆ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು. ‘ಹಳೆಯ ಮನೆಯ ಸದ್ದು’ ಎಂದರು. ಧ್ವನಿಮುದ್ರಿಕೆಯನ್ನು ಹಾಕಿದ್ದೇನೆ. ಹಿರಿಯರು ಕೇಳಿ ತಪ್ಪಿದ್ದರೆ ಹೇಳಬೇಕು.

ಡೀಸೆಲ್_ಶೆಡ್_ಹಿರಿಯ, ಹುಬ್ಬಳ್ಳಿ

ಕೇಳಿದೆ ತಮ್ಮ, ಎರಡು ಸಲ ಕೇಳಿದೆ. ಹೊರಡುವುದು ಸರಿಯಾಗಿದೆ. ನಾಲ್ಕರಿಂದ ಐದಕ್ಕೆ ಏರುವಾಗ ಟರ್ಬೊ ತಡವಾಗಿ ಬಂದದ್ದು ಬಹಳ ಚೆನ್ನಾಗಿದೆ.

ಒಂದೇ ಒಂದು ಕೊರತೆ. ಕೊನೆಯಲ್ಲಿ ಎಂಜಿನ್ ಬಂದ್ ಮಾಡಿದಾಗ ಎಲ್ಲವೂ ಒಮ್ಮೆಲೇ ನಿಂತುಹೋಯಿತು. ಹಾಗೆ ನಿಲ್ಲುವುದಿಲ್ಲ. ಎಂಜಿನ್ ಕುಲುಕಿ ನಿಂತ ಮೇಲೂ ಟರ್ಬೊ ತನ್ನಷ್ಟಕ್ಕೆ ತಾನು ಸುತ್ತುತ್ತ, ಸ್ವರ ಇಳಿಸುತ್ತ ಹೋಗುತ್ತದೆ. ಶೆಡ್ಡಿನಲ್ಲಿ ನಾವು ಅದು ಪೂರ್ತಿ ನಿಲ್ಲುವವರೆಗೆ ಕಿವಿಗೊಟ್ಟು ಕೇಳುತ್ತಿದ್ದೆವು. ಬೇಗ ನಿಂತರೆ ಬೇರಿಂಗ್ ಹೋಗಿದೆ ಎಂದು ಅನುಮಾನ. ನಿನ್ನದು ಬೇಗ ನಿಂತಿತು.

ಅರಸೀಕೆರೆ_ಜಂಕ್ಷನ್

ಕಡತ ತೆರೆದು ನೋಡಿದೆ. ಬಂದ್ ಆಗುವ ತುಣುಕಿನ ಬಾಲವನ್ನು ಯಾರೋ ಕತ್ತರಿಸಿದ್ದಾರೆ. ಮೂಲ ಮುದ್ರಣದಲ್ಲಿ ಇನ್ನೂ ಹಲವು ಸೆಕೆಂಡು ಟರ್ಬೊ ಇದೆ. ಭಾನುವಾರ ಮತ್ತೆ ಬೆಂಗಳೂರಿಗೆ ಹೋಗಿ ಅದನ್ನು ಸೇರಿಸಿಕೊಂಡು ಬರುತ್ತೇನೆ.